ಮೇಣದ ಬೆಂಚು

ಹೊಸಬರ ಮುಂದೆ ನನ್ನ ದನಿ ಗಂಟಲಿನಲ್ಲೇ ಉಳಿದುಬಿಡುತ್ತದೆ, ಇಂಥವಳು ಕಾವಲು ಹೇಗೆ ಕಾದಾಳು ಎಂಬುದೇ ಬೆಳಗಿನಿಂದ ನನ್ನ ಚಿಂತೆಯಾಗಿತ್ತು. ಊರಿನ ಕಲಾ ಉತ್ಸವಕ್ಕೆಂದು ಹಳೆಯ ರೈಲು ನಿಲ್ದಾಣದ ವಿಶ್ರಾಂತಿ ಕೋಣೆಯಲ್ಲಿ ಕಲಾವಿದೆಯೊಬ್ಬರು ಮೇಣದ ಬೆಂಚು ಮಾಡಿಟ್ಟಿದ್ದರು. ಅದರ ಮೇಲೆ ಯಾರೂ ಕೂರದಂತೆ ನೋಡಿಕೊಳ್ಳುವುದು ಪದವಿ ಮುಗಿಸಿದ ನನಗೆ ಸಿಕ್ಕ ಮೊದಲ ಕೆಲಸ.

"ಕೂರೋಕೆ ಬಿಡಲ್ಲ ಅಂದ್ಮೇಲೆ ಬೆಂಚು ಯಾಕಮ್ಮ ಮಾಡಿದ್ರಿ?" ಎಂದು ಅಜ್ಜಿಯೊಬ್ಬರು ನಕ್ಕು ಹೋದರು. ಆಮೇಲೆ ಒಳಗೆ ಯಾರೂ ಬರಲಿಲ್ಲ. ಆದರೂ ಮಧ್ಯಾಹ್ನ ನೋಡಿದರೆ ಬೆಂಚಿನ ತುದಿಯಲ್ಲಿ ಯಾರೋ ಕೂತೆದ್ದ ಹಾಗೆ ತಗ್ಗು ಬಿದ್ದಿತ್ತು.

ಕಲಾವಿದೆ ಬಂದು, ಕಾಯಿಸಿದ ಚಮಚದ ಬೆನ್ನಿನಿಂದ ಅದನ್ನು ಸವರಿ ಸಮ ಮಾಡಿದರು. "ನಿದ್ದೆ ಹೊಡೀತಿದ್ಯಾ ತಾಯಿ? ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನಿಲ್ಲಿಸ್ತೀನಿ."

ಅವರು ಕೈ ತೊಳೆಯಲು ಹೊರಗೆ ಹೋದಾಗ ನಾನು ಬೆಂಚಿನಿಂದ ಕಣ್ಣು ಕೀಳಲಿಲ್ಲ. ಒದ್ದೆ ಬಟ್ಟೆಯ ವಾಸನೆ ಬಂತು. ಮೇಣ ಮೆಲ್ಲಗೆ ಕಿರುಗುಟ್ಟಿ, ಅದೇ ಜಾಗದಲ್ಲಿ ಮತ್ತೆ ಒಳಗೆ ಒತ್ತಿಕೊಂಡಿತು. ಪಕ್ಕದಲ್ಲಿ ಊರಿದ ಅಂಗೈಯ ಬೆರಳಚ್ಚುಗಳು ಮೇಣದಲ್ಲಿ ಒಂದೊಂದಾಗಿ ಮೂಡಿದವು. ನಾನು ಕೈ ಚಾಚಿ ನೋಡಿದೆ. ಕೋಣೆಯೆಲ್ಲ ತಣ್ಣಗಿತ್ತು, ತಗ್ಗಿನ ಮೇಲಿನ ಗಾಳಿಯಷ್ಟೇ ಮೈಯ ಹಾಗೆ ಬೆಚ್ಚಗಿತ್ತು.

"ಮತ್ತೆ ಯಾರನ್ನ ಕೂರಿಸ್ದೆ?" ಬಾಗಿಲಲ್ಲೇ ಗೊಣಗಿದ ಕಲಾವಿದೆ ಚಮಚ ಕಾಯಿಸಿಕೊಂಡು ಬೆಂಚಿನತ್ತ ಬಾಗಿದರು. ನಾನು ಅವರ ಮೊಣಕೈ ಹಿಡಿದೆ.

"ಸ್ವಲ್ಪ ಇರಿ ಮೇಡಂ," ಎಂದೆ. "ಅವರಿನ್ನೂ ಎದ್ದಿಲ್ಲ."