ತಳ ಎಟುಕುವ ಪೆಟ್ಟಿಗೆ

ಬಹಳ ಹಿಂದೆ, ಚಂದ್ರ ಹಗಲು ಹೊತ್ತು ಸಂತೆಗೆ ಬಂದು ಹೋಗುತ್ತಿದ್ದ ಕಾಲದಲ್ಲಿ, ಹೊನ್ನಗೆರೆ ಎಂಬ ರಾಜ್ಯವಿತ್ತು. ಅಲ್ಲಿ ಮೌನಾಚಾರಿ ಎಂಬ ಬಡಗಿಯಿದ್ದ. ಅವನು ಕೆತ್ತಿದ ಗಿಳಿ ಹಾರಿಹೋಗುತ್ತಿತ್ತು. ಅವನು ಕೂಡಿಸಿದ ಕದ ರಾಜನನ್ನು ಕಂಡರೆ ತಾನೇ ತೆರೆದುಕೊಳ್ಳುತ್ತಿತ್ತು. ಅರಮನೆಯಲ್ಲಿ ಒಂದು ಕಿಟಕಿ ಕಿರುಗುಟ್ಟಿದರೂ ಅವನಿಗೇ ಕರೆ. ರಾಜಕುಮಾರನ ಆಟಿಕೆಗಳಿಗೆ ಏಳು ಅಂತಸ್ತಿನ ಕಪಾಟು ಮಾಡಿಕೊಟ್ಟವನೂ ಅವನೇ.

ಅವನ ಮನೆಯಲ್ಲಿ? ಅದೊಂದನ್ನು ಕೇಳಬೇಡಿ. ಆರು ವರ್ಷದ ಮಗಳು ಪದುಮಿಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಣ್ಣಿನ ಒಲೆ ಇಲ್ಲಿ, ಕುಡಿಕೆ ಅಲ್ಲಿ, ಬಟ್ಟೆ ಬೊಂಬೆ ಬಾಗಿಲ ಸಂದಿಯಲ್ಲಿ. ಅವಳು ಹುಟ್ಟಿದಾಗ ಅಪ್ಪ ಕೆತ್ತಿಕೊಟ್ಟ ಆನೆ ಒಂದು ಕಿವಿ ಮುರಿದುಕೊಂಡು ನಡುವೆ ಬಿದ್ದಿರುತ್ತಿತ್ತು.

"ಅಪ್ಪಯ್ಯ, ನನ್ನ ಬೊಂಬೆಗಳಿಗೂ ಒಂದು ಪೆಟ್ಟಿಗೆ ಮಾಡಿಕೊಡು" ಎಂದು ಪದುಮಿ ಕೇಳುತ್ತಿದ್ದಳು.

"ನಾಳೆ ಮಾಡ್ತೀನಿ ಕಣವ್ವ" ಎನ್ನುತ್ತಿದ್ದ ಅಪ್ಪ.

ನಾಳೆ ನಾಳೆ ಎನ್ನುತ್ತಲೇ ಎರಡು ವರ್ಷ ಹೋಯಿತು. ಪಾಪ, ಮಗು ಕೇಳುವುದನ್ನು ಬಿಟ್ಟಿರಲಿಲ್ಲ.

ಒಂದು ಬೆಳಗ್ಗೆ ಅರಮನೆಗೆ ಹೊರಟವನ ಅಂಗಾಲಿಗೆ ಮಣ್ಣಿನ ಒಲೆ ಚುಚ್ಚಿ ರಕ್ತ ಬಂತು. ಸಿಟ್ಟು ನೆತ್ತಿಗೇರಿತು. "ಈ ದರಿದ್ರ ಕಸವನ್ನೆಲ್ಲ ಯಾರಾದರೂ ಹೊತ್ತುಕೊಂಡು ಹೋಗಬಾರದೇ!" ಎಂದು ಕೂಗಿದ.

ಅಂಥ ಮಾತಿಗಾಗಿಯೇ ಕಿವಿಗೊಟ್ಟು ಬೀದಿ ಬೀದಿ ತಿರುಗುತ್ತಿದ್ದವಳು ಗೋಣಿಯವ್ವ ಎಂಬ ಮಾಟಗಾತಿ. ಬಾಗಿಲಲ್ಲೇ ನಿಂತಿದ್ದಳು. "ಆಗಲಪ್ಪ, ಹೊತ್ತುಕೊಂಡೆ" ಎಂದು ಗೋಣಿಯ ಬಾಯಿ ಬಿಚ್ಚಿದಳು. ಒಲೆ, ಕುಡಿಕೆ, ಬೊಂಬೆ, ಆನೆ ಎಲ್ಲ ತಾವಾಗಿಯೇ ನಡೆದು ಗೋಣಿಯೊಳಗೆ ಹೋದವು. ಅವಳು ಮಾಯವಾದಳು.

ಪದುಮಿ ಅಳಲಿಲ್ಲ. ಗೋಡೆಗೊರಗಿ ಕುಳಿತಳು. ಕುಳಿತಲ್ಲೇ ಅವಳ ಕಾಲ್ಬೆರಳುಗಳು ಮರವಾದವು.

ಹೆಂಡತಿ ಈರಮ್ಮ ಎದೆ ಬಡಿದುಕೊಂಡಳು. "ಅರಮನೆಯ ಕದಗಳೆಲ್ಲ ನೆಟ್ಟಗಿವೆ, ನಮ್ಮ ಮಗು ನೋಡಿ! ನಿಮ್ಮ ಬಾಯಿಂದಲೇ ಹೋದದ್ದು, ನೀವೇ ತನ್ನಿ."

ಮೌನಾಚಾರಿ ಓಡಿದ. ಏಳು ಗುಡ್ಡ ಹತ್ತಿ ಇಳಿದ. ಏಳನೆಯದರ ಆಚೆ, ಜನ ಬೇಡವೆಂದ ವಸ್ತುಗಳ ರಾಶಿಯ ಮೇಲೆ ಗೋಣಿಯವ್ವ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದಳು. ಪಕ್ಕದಲ್ಲೊಂದು ಕುರುಡು ಕರಡಿ. ಯಾವ ಮಗುವಿನ ಆಟಿಕೆ ಹಿಡಿದರೆ ಆ ಮಗುವಿನ ಕೈಯಳತೆಯನ್ನೇ ಪಡೆದು, ಅದರ ದನಿಯಲ್ಲಿ ಮಾತಾಡುವ ಕರಡಿ ಅದು.

"ತಪ್ಪಾಯಿತು ತಾಯಿ, ಕೊಟ್ಟುಬಿಡು" ಎಂದ ಮೌನಾಚಾರಿ.

"ಕೊಡುತ್ತೇನೆ, ಇಡಲು ಜಾಗ ಎಲ್ಲಿದೆ? ಮಗಳಿಗೆ ತಕ್ಕ ಪೆಟ್ಟಿಗೆ ಮಾಡಿಕೊಂಡು ಬಾ. ಮೂರು ಸಲ ನೋಡುತ್ತೇನೆ. ಮೂರನೆಯದೂ ತಪ್ಪಿತೋ, ನಿನ್ನ ಮಗಳು ಪೂರ್ತಿ ಮರದ ಬೊಂಬೆ. ಅವಳೂ ನನ್ನ ಗೋಣಿಗೇ."

ಇಷ್ಟೇ ತಾನೇ, ಎಂದುಕೊಂಡ. ಪೆಟ್ಟಿಗೆ ಮಾಡುವುದನ್ನು ಅವನಿಗೆ ಹೇಳಿಕೊಡಬೇಕೇ? ಬೀಟೆ ಮರ ತಂದ, ನವಿಲು ಕೆತ್ತಿದ, ಹಿತ್ತಾಳೆ ಪಟ್ಟಿ ಹೊಡೆದ, ಹೊತ್ತುಕೊಂಡು ಏಳು ಗುಡ್ಡ ದಾಟಿದ. ಕರಡಿ ಒಂದು ಕೈಯಲ್ಲಿ ಆನೆ ಹಿಡಿದು, ಇನ್ನೊಂದು ಕೈಯನ್ನು ಪೆಟ್ಟಿಗೆಯೊಳಗೆ ಇಳಿಬಿಟ್ಟಿತು. "ಅಪ್ಪಯ್ಯ, ಇದು ರಾಜಕುಮಾರನದು. ತಳ ನನಗೆ ಎಟುಕಲ್ಲ" ಎಂದಿತು, ಥೇಟ್ ಪದುಮಿಯ ದನಿಯಲ್ಲಿ. ಒಂದೇ ಏಟಿಗೆ ಪೆಟ್ಟಿಗೆ ಪುಡಿಯಾಯಿತು.

ಮನೆಗೆ ಬಂದರೆ ಮಗಳು ಮೊಣಕಾಲವರೆಗೆ ಮರ. ಅವಸರವಸರವಾಗಿ ತೇಗದಲ್ಲಿ ಒಂದು ಚಿಕ್ಕ ಪೆಟ್ಟಿಗೆ ಮಾಡಿದ. ಮತ್ತೆ ಏಳು ಗುಡ್ಡ ದಾಟಿದ. ಕರಡಿ ಕೈಯಿಳಿಸಿತು. "ಅಪ್ಪಯ್ಯ, ಇದು ನಾನು ಅಂಬೆಗಾಲಿಡುವಾಗಿನದು. ಆನೆ ಕೂಡ ಹಿಡಿಸಲ್ಲ." ಅದೂ ಪುಡಿಯಾಯಿತು.

ಗೋಣಿಯವ್ವ ಬಾಯೊಳಗಿನ ಎಲೆ ಉಗುಳಿ ಕೇಳಿದಳು. "ಆಚಾರಿ, ಅರಮನೆಯ ಹೆಬ್ಬಾಗಿಲು ಎಷ್ಟೆತ್ತರ?"

"ಹನ್ನೊಂದು ಮೊಳ, ಎರಡು ಬೆರಳು."

"ರಾಣಿಯ ಉಯ್ಯಾಲೆ ಮಣೆ ಎಷ್ಟುದ್ದ?"

"ನಾಲ್ಕು ಮೊಳ, ಒಂದು ಗೇಣು."

"ನಿನ್ನ ಮಗಳು ಎಷ್ಟೆತ್ತರ?"

ಮೌನಾಚಾರಿ ತೊಡೆಯ ಹತ್ತಿರ ಕೈ ಹಿಡಿದು ತೋರಿಸಿದ. ಅಲ್ಲವೆನ್ನಿಸಿ ಸೊಂಟದವರೆಗೆ ಎತ್ತಿದ. ಮತ್ತೆ ಇಳಿಸಿದ. ರಾಜ್ಯದ ಕದಗಳನ್ನೆಲ್ಲ ಅಳೆದ ಕೈ ಗಾಳಿಯಲ್ಲೇ ನಿಂತಿತು. ಅವನಿಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಗುಡ್ಡ ಇಳಿದ.

ಮನೆಗೆ ಬಂದಾಗ ಮಗಳು ಸೊಂಟದವರೆಗೆ ಮರವಾಗಿದ್ದಳು. ಮೊದಲ ಸಲ ಅಳತೆಯ ದಾರ ಹಿಡಿದುಕೊಂಡು ಅವಳ ಮುಂದೆ ಮಂಡಿಯೂರಿದ. ಎತ್ತಿಕೊಂಡರೆ ಭಾರ. ಅದರಲ್ಲಿ ಮರದ ಭಾರ ಎಷ್ಟು, ಬೆಳೆದ ಭಾರ ಎಷ್ಟು, ಅವನಿಗೆ ತಿಳಿಯಲಿಲ್ಲ. ಬಾಗಿಲ ಚೌಕಟ್ಟಿಗೆ ಅವಳನ್ನು ಆನಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಉಳಿಯಿಂದ ಗೀಟೆಳೆದ. ತೋಳಿನುದ್ದ ಅಳೆದ, ಅಂಗೈ ಅಗಲ ಅಳೆದ.

"ಯಾರಿಗೆ ಅಪ್ಪಯ್ಯ?" ಎಂದಳು ಪದುಮಿ.

"ನಿನಗೇ ಕಣವ್ವ. ಹೇಗಿರಬೇಕು ಹೇಳು."

ಮಗು ನಂಬಲಿಲ್ಲ. "ಇವತ್ತು ಅರಮನೆಗೆ ಹೋಗಲ್ವಾ?"

"ಹೋಗಲ್ಲ."

ಆಗ ಹೇಳತೊಡಗಿದಳು ನೋಡಿ! ಮುಚ್ಚಳ ಕೈ ಮೇಲೆ ಬೀಳಬಾರದು. ಬೊಂಬೆಗೆ ಕತ್ತಲೆಯೆಂದರೆ ಹೆದರಿಕೆ, ಅದಕ್ಕೊಂದು ಕಿಂಡಿ ಬೇಕು. ಆನೆಯನ್ನು ಒಲೆಯ ಪಕ್ಕ ಮಲಗಿಸಬೇಡ, ಸುಟ್ಟುಕೊಳ್ಳುತ್ತೆ. ಎರಡು ವರ್ಷದಿಂದ ಯೋಚಿಸಿಟ್ಟುಕೊಂಡಿದ್ದಳು ಪುಣ್ಯಾತಗಿತ್ತಿ.

ಮನೆಯಲ್ಲಿದ್ದ ಮರವೆಲ್ಲ ಮುಗಿದಿತ್ತು. ಈರಮ್ಮ ಅಟ್ಟ ಹತ್ತಿ ಪದುಮಿಯ ಹಳೇ ತೊಟ್ಟಿಲನ್ನು ಇಳಿಸಿಕೊಟ್ಟಳು. ಅದರ ಹಲಗೆಗಳೇ ಪಕ್ಕಗಳಾದವು. ಆನೆಗೂ ಒಲೆಗೂ ನಡುವೆ ಒಂದು ಅಡ್ಡಹಲಗೆ. ಮುಚ್ಚಳಕ್ಕೆ ಹಗ್ಗದ ಹಿಡಿ, ಎರಡು ಬೆರಳಗಲದ ಕಿಂಡಿ. ಕೆತ್ತನೆಯಿಲ್ಲ, ಹಿತ್ತಾಳೆಯಿಲ್ಲ. ಮುಗಿಸಿ ತಲೆಯೆತ್ತಿದರೆ ಬಿಸಿಲು ಇನ್ನೂ ಹೊಸ್ತಿಲು ದಾಟಿರಲಿಲ್ಲ. ಅರ್ಧ ದಿನದ ಕೆಲಸ! ಇಷ್ಟಕ್ಕೆ ಎರಡು ವರ್ಷ ಕಾಯಿಸಿದೆನಲ್ಲ ಎಂದು ಮೌನಾಚಾರಿ ಬಿಕ್ಕಿ ಬಿಕ್ಕಿ ಅತ್ತ.

ಮೂರನೆಯ ಸಲ ಏಳು ಗುಡ್ಡ ದಾಟಿದ. ಕರಡಿ ಆನೆ ಹಿಡಿದು, ಕೈಯನ್ನು ನಿಧಾನವಾಗಿ ಇಳಿಸಿತು.

"ಎಟುಕಿತು ಅಪ್ಪಯ್ಯ" ಎಂದಿತು ಕರಡಿ.

ಗೋಣಿ ಎಳೆ ಎಳೆಯಾಗಿ ಹರಿಯಿತು. ಪದುಮಿಯ ಆಟಿಕೆಗಳು ಓಡಿ ಬಂದು ಪೆಟ್ಟಿಗೆಯಲ್ಲಿ ತಮ್ಮ ತಮ್ಮ ಜಾಗ ಹಿಡಿದವು. ಉಳಿದ ಮಕ್ಕಳ ಬುಗುರಿ, ಗಿಲಕಿ, ಕುದುರೆಗಳೆಲ್ಲ ಸಾಲುಗಟ್ಟಿ ಅವರವರ ಮನೆಯತ್ತ ಓಡಿದವು. ಕರಡಿಗೆ ಕಣ್ಣು ಬಂತು. ಗೋಣಿಯಿಲ್ಲದ ಗೋಣಿಯವ್ವ ಬೆನ್ನುನೋವಿನ ಸಾಮಾನ್ಯ ಮುದುಕಿಯಾಗಿಬಿಟ್ಟಳು.

ಮೌನಾಚಾರಿ ಖಾಲಿ ನೆಲವನ್ನು ತಡಕಿದ. "ತಾಯಿ, ನನ್ನ ಎರಡು ವರ್ಷ ಆ ಗೋಣಿಯಲ್ಲಿರಲಿಲ್ಲವೇ?"

"ಹೊತ್ತುಕೊಂಡು ಹೋಗು ಎಂದದ್ದನ್ನಷ್ಟೇ ಹೊತ್ತವಳಪ್ಪ ನಾನು" ಎಂದಳು ಮುದುಕಿ. "ಅದನ್ನು ಕಳೆದವನು ನೀನೇ."

ಅವನು ಊರಿಗೆ ಬರುವಷ್ಟರಲ್ಲಿ ಪದುಮಿ ಹೊಸ್ತಿಲ ಮೇಲೆ ಕುಣಿಯುತ್ತಿದ್ದಳು. ಕಾಲು ಕಾಲಾಗಿತ್ತು, ನಗು ಬೀದಿಯವರೆಗೆ ಕೇಳುತ್ತಿತ್ತು. ರಾಜನ ಕದ ಕಿರುಗುಟ್ಟಿತು, ಕಿರುಗುಟ್ಟಲಿ ಬಿಡಿ. ರಾಜನೂ ಸುಖವಾಗಿದ್ದ, ಮುದುಕಿಯೂ ಸುಖವಾಗಿದ್ದಳು, ಬಡಗಿಯ ಮನೆಯವರೂ ಸುಖವಾಗಿದ್ದರು.

ತಿಂಗಳಿಗೊಮ್ಮೆ ಅಪ್ಪ ಮಗಳನ್ನು ಚೌಕಟ್ಟಿಗೆ ಆನಿಸಿ ನಿಲ್ಲಿಸಿ ಗೀಟೆಳೆಯುತ್ತಿದ್ದ. ಗೀಟುಗಳು ಒಂದರ ಮೇಲೊಂದು ಏರುತ್ತ ಹೋದವು. ಕಡೆಯ ಗೀಟು ಅವನ ಭುಜ ಮುಟ್ಟಿದ ದಿನ ಪದುಮಿ ಚೌಕಟ್ಟನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು. "ಅಪ್ಪಯ್ಯ, ಈ ಮೊದಲ ಗೀಟಿನ ಕೆಳಗೆ ಯಾಕೆ ಒಂದೂ ಇಲ್ಲ?"

ಮೌನಾಚಾರಿ ಬಗ್ಗಿ ಆ ಬರಿ ಮರದ ಮೇಲೆ ಕೈಯಾಡಿಸಿದ.

"ಆಗ ನಾನು ಅರಮನೆಯ ಬಾಗಿಲು ಅಳೆಯುತ್ತಿದ್ದೆ ಕಣವ್ವ" ಎಂದ.