ಸವತಿ ಕಟ್ಟಿದ ಗೂಟಿ

“ಸಂಪಿಗೆ ಮರದ ಆ ಗಂಟನ್ನ ಮಾತ್ರ ಮುಟ್ಬೇಡ ಕಣಮ್ಮ,” ಎಂದಳು ಅತ್ತೆ. “ಸಾಯೋ ಮುಂಚೆ ನನ್ನ ಮೊದಲ್ನೇ ಸೊಸೆ ಕಟ್ಟಿದ್ದು. ತನ್ನ ತಲೆಗೂದ್ಲು ಸೇರ್ಸಿ, ಏನೇನೋ ಮಣಮಣ ಅಂದ್ಕೊಂಡು. ನಾನು ಮತ್ತೆ ಬರ್ತೀನಿ ಅಂತಿದ್ಲು.”

ಎರಡನೆಯ ಸೊಸೆ ನಕ್ಕಳು. “ಅದು ಮಾಟ ಅಲ್ಲ ಅತ್ತೆ, ಗೂಟಿ. ಕೊಂಬೆ ತೊಗಟೆ ಸುಲಿದು ಪಾಚಿ ಸುತ್ತಿದ್ರೆ ಅಲ್ಲೇ ಬೇರು ಬರುತ್ತೆ. ಕತ್ತರಿಸಿ ನೆಟ್ರೆ ಥೇಟ್ ತಾಯಿಮರ. ನಾನು ದಿನಾ ಮಾಡೋ ಕೆಲ್ಸ.”

ಕೆಲಸವೇನೋ ಅದೇ. ತೋಟ ರೂಪಿಸಲು ಬಂದವಳು ತೋಟದ ಯಜಮಾನನನ್ನೇ ಮದುವೆಯಾಗಿದ್ದಳು. ತೋಟದ ನಡುವಿನ ಕೊಳದ ಈಚೆಯ ಬಯಲನ್ನೆಲ್ಲ ಪರದೇಶದ ಗಿಡಗಳಿಂದ ತುಂಬಿದ್ದಳು: ಬೆಂಕಿಬಣ್ಣದ ಹೆಲಿಕೋನಿಯ, ಬೀಸಣಿಗೆಯಂತೆ ಬಿಚ್ಚಿದ ತಾಳೆ, ನೀಲಿ ಹೂ ಸುರಿಸುವ ಜಕರಂಡ. ಯಾರಿಗೆ ಬೇಕಿತ್ತು? ಸಂಜೆಯಾದರೆ ಗಂಡನ ಕಾಲು ಕೊಳದ ಆಚೆಗೇ. ಅಲ್ಲಿರುವುದು ಈ ಮಣ್ಣಿನವೇ ಆದ ಮರಗಳು, ರಂಜ, ಹೊಂಗೆ, ನಡುವೆ ಸತ್ತವಳು ನೆಟ್ಟ ಸಂಪಿಗೆ. ಅವನು ಅದರ ಕಾಂಡಕ್ಕೆ ಕೆನ್ನೆಯೊತ್ತಿ ನಿಲ್ಲುವುದನ್ನು ನೋಡಿ ನೋಡಿ ಇವಳ ಹೊಟ್ಟೆ ಉರಿದುಹೋಗಿತ್ತು. ಸವತಿ ಬದುಕಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದು. ಮರದ ಜೊತೆ ಏನು ಜಗಳ? ಅವನು ತನ್ನನ್ನು ಒಮ್ಮೆ ಪ್ರೀತಿಯಿಂದ ನೋಡಿದ್ದರೆ ಸಾಕಿತ್ತು, ಅಷ್ಟೂ ಸಿಕ್ಕಿರಲಿಲ್ಲ.

ಕೊನೆಗೊಂದು ಉಪಾಯ ಹೊಳೆಯಿತು. ಆ ಗೂಟಿಯನ್ನು ಇಳಿಸಿ ತನ್ನ ಕಡೆ ನೆಟ್ಟರೆ ಅವನು ಇತ್ತ ಬಂದೇ ಬರುತ್ತಾನೆ. ಆಮೇಲೆ ಹಳೆಯ ಮರ ಕಡಿಸಿದರಾಯಿತು.

ಅತ್ತೆ ಒಳಗೆ ಹೋದದ್ದೇ ತಡ, ಗರಗಸ ಹಿಡಿದು ಏಣಿ ಹತ್ತಿದಳು. ಕೊಂಬೆಗಳ ನಡುವೆ ಆಗಲೇ ಕತ್ತಲು ಕಟ್ಟಿತ್ತು. ವರ್ಷಗಟ್ಟಲೆ ಹಾಗೇ ಬಿಟ್ಟ ಗೂಟಿಯ ಪಾಚಿ ಒಣಗಿ ಪುಡಿಯಾಗಿರಬೇಕಿತ್ತು. ಕೈಗೆ ಒದ್ದೆ ತಾಗಿತು. ಬೆಚ್ಚಗೂ ಇತ್ತು. ಗಂಟಿನ ಕೆಳಗೆ ಗರಗಸ ಆಡಿಸಿದಳು. ಕೊಂಬೆ ಮುರಿದು ತೋಳಿಗೆ ಬಿತ್ತು, ಸುತ್ತಿದ ಪ್ಲಾಸ್ಟಿಕ್ ಬಿರಿಯಿತು.

ಪಾಚಿಯ ವಾಸನೆಯಲ್ಲ. ಎಣ್ಣೆ ಹಚ್ಚಿದ ತಲೆಯ ವಾಸನೆ, ರೋಗಿಯ ಹಾಸಿಗೆಯ ಬೆವರು. ಒಳಗೆ ಬೇರಿರಲಿಲ್ಲ. ಕೂದಲಿತ್ತು. ರಾಶಿ ಕೂದಲು.

ಹಕ್ಕಿಗಳ ಗಲಾಟೆ ನಿಂತಿತು. ಕೂದಲು ಅಲುಗಿತು. ಬೆರಳಿಗೆ ಸುತ್ತಿತು. ಎಳೆದಳು. ಬಿಡಲಿಲ್ಲ. ಉಗುರಿನ ಸಂದಿಯಿಂದ ಒಳಗಿಳಿಯಿತು. ಮುಂಗೈ. ತೋಳು. ಗಂಟಲು. ಉಸಿರಿಲ್ಲ.

“ಏನ್ ಮಾಡ್ತಿದೀಯ ಅಲ್ಲಿ?” ಗಂಡ ಸಿಟ್ಟಿನಿಂದ ಓಡಿಬಂದ.

ಕಾಪಾಡಿ ಎಂದು ಕೂಗಲು ಬಾಯಿ ತೆರೆದಳು. ಬಾಯಿ ಬೇರೆಯೇ ಮಾತಾಡಿತು, ಮೆಲ್ಲಗೆ. “ಯಾಕ್ರೀ ಇಷ್ಟು ಸೊರಗಿದೀರ? ನಾನಿಲ್ದೆ ಹೊಟ್ಟೆಗೆ ಸರಿಯಾಗಿ ತಿನ್ಲಿಲ್ವಾ?”

ಅವನು ನಿಂತಲ್ಲೇ ನಿಂತ. ಸತ್ತ ಹೆಂಡತಿಯ ಆ ದನಿಯನ್ನು ಅವನು ಮರೆತಿರಲಿಲ್ಲ. ಅವಳನ್ನು ಏಣಿಯಿಂದ ಇಳಿಸಿಕೊಂಡು, ಎರಡೂ ಕೈಯಲ್ಲಿ ಮುಖ ಹಿಡಿದು, ಅಳುತ್ತ ನಗುತ್ತ ನೋಡಿದ. ಅಷ್ಟು ಹತ್ತಿರದಿಂದ ಅವನು ಅವಳನ್ನು ಎಂದೂ ನೋಡಿರಲಿಲ್ಲ. ಎದೆಯ ತಳದ ಕತ್ತಲಲ್ಲಿ ಎರಡನೆಯ ಹೆಂಡತಿ “ಅದು ನಾನಲ್ಲ ರೀ, ನಾನಿಲ್ಲಿದೀನಿ” ಎಂದು ಬಡಿದುಕೊಳ್ಳುತ್ತಿದ್ದಳು.

ಅವನು ಬಗ್ಗಿ ಹಣೆಗೆ ಮುತ್ತಿಟ್ಟ. ಅದು ಅವಳಿಗೆ ತಾಗಲಿಲ್ಲ.