ಅತ್ತೆಗಾಗಿ ಕಳೆದ ಆರು ವರ್ಷ

"ಸೊನ್ನೆ ಪಾಯಿಂಟ್ ಎರಡು ಎಂಟು! ನೋಡ್ರಿ ಕಮಲಾಕ್ಷಮ್ಮ, ಕಡೂರಿನ ಲ್ಯಾಬಿನವರೇ ಬರೆದುಕೊಟ್ಟವ್ರೆ. ಬಂಜೆ ಅನ್ನೋಕೆ ಇನ್ನೇನು ಬೇಕು?"

ಈಶ್ವರಮ್ಮ ಸೊಸೆಯ ರಿಪೋರ್ಟನ್ನು ತರೀಕೆರೆಯಿಂದ ಬಂದಿದ್ದ ನೆಂಟರಾಕೆಯ ಮುಂದೆ ಹಿಡಿದಿದ್ದರು. ಕಮಲಾಕ್ಷಮ್ಮನ ಮಡಿಲಲ್ಲಿ ಒಂದು ಹುಡುಗಿಯ ಫೋಟೊ... ಮಗ ಹಾಲೇಶನಿಗೆ ಎರಡನೇ ಸಂಬಂಧ! ಕಾಫಿ ತಂದ ಸೊಸೆ ಅನುಪಮಾ ಬಾಗಿಲಲ್ಲೇ ನಿಂತುಬಿಟ್ಟಳು.

ಪಂಚನಹಳ್ಳಿಯಿಂದ ಶಿವನಿ ಊರಿನ ಈ ಮನೆಗೆ ಅವಳು ಬಂದಾಗ ಇಪ್ಪತ್ತೇಳು ವರ್ಷ. ಮದುವೆಯಾದ ನಾಲ್ಕೇ ತಿಂಗಳಿಗೆ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಅವಳೇ ಎತ್ತಿ ಕೂರಿಸಿದಳು, ಉಣ್ಣಿಸಿದಳು, ಮೈ ತೊಳೆದಳು. ಒಂದು ದಿನ ಅತ್ತೆ ಅವಳ ಸೆರಗು ಹಿಡಿದು ಅತ್ತಿದ್ದರು. "ನಾನು ಎದ್ದು ಓಡಾಡೋಗಂಟ ಮಗು ಬೇಡ ಕಣವ್ವ. ನೀನು ಬಾಣಂತನಕ್ಕೆ ತೌರಿಗೆ ಹೋದ್ರೆ ನನ್ನ ಗತಿಯೇನು?" ಅನುಪಮಾ ಮರುಮಾತಾಡದೆ ಮಾತ್ರೆ ನುಂಗಿದಳು. ಒಂದಲ್ಲ, ಎರಡಲ್ಲ, ಆರು ವರ್ಷ! ಅತ್ತೆ ಕೋಲು ಬಿಟ್ಟು ನಡೆದ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಆದರೆ ಆಮೇಲೆ ಒಂದೂವರೆ ವರ್ಷ ಕಳೆದರೂ ಒಡಲು ತುಂಬಲಿಲ್ಲ.

ಹೋದ ವಾರ ಕಡೂರಿನ ಡಾಕ್ಟರಮ್ಮ ಮೆತ್ತಗೆ ಬಿಡಿಸಿ ಹೇಳಿದ್ದರು: "ಹೆಣ್ಣು ಹುಟ್ಟುವಾಗಲೇ ಅಂಡಗಳನ್ನೆಲ್ಲ ತಂದಿರ್ತಾಳಮ್ಮ, ಆಮೇಲೆ ಹೊಸದು ಹುಟ್ಟಲ್ಲ. ಎಷ್ಟು ಉಳಿದಿವೆ ಅನ್ನೋ ಅಂದಾಜು ಈ ಎಎಂಎಚ್ ಪರೀಕ್ಷೆಯಿಂದ ಸಿಗುತ್ತೆ. ನಿಮ್ಮ ವಯಸ್ಸಿಗೆ ಬಹಳ ಕಮ್ಮಿ ಇದೆ. ಮಗು ಆಗೋದೇ ಇಲ್ಲ ಅಂತಲ್ಲ... ಆದ್ರೆ ಟೈಮ್ ಇಲ್ಲ."

"ಮೊದಲೇ ಬಂದಿದ್ರೆ, ಮೇಡಂ?" ಎಂದಿದ್ದ ಹಾಲೇಶ.

"ಆಗ ಇನ್ನೂ ಇರ್ತಿದ್ವು," ಎಂದು ಡಾಕ್ಟರಮ್ಮ ತಲೆ ತಗ್ಗಿಸಿದ್ದರು. ಹೊರಗೆ ಬಂದವಳೇ ಅನುಪಮಾ ಗಂಡನ ಕೈ ಹಿಡಿದುಕೊಂಡಿದ್ದಳು. "ತಡ ಮಾಡಿದ್ದಕ್ಕೇ ಹಿಂಗಾಯ್ತು ಅಂತ ಅತ್ತೆಗೆ ಹೇಳ್ಬೇಡ್ರೀ. ಮತ್ತೆ ಲಕ್ವ ಹೊಡೆದ್ರೆ..."

ಈಗ ಗೊಬ್ಬರದ ಅಂಗಡಿಯಿಂದ ಊಟಕ್ಕೆ ಬಂದ ಹಾಲೇಶನಿಗೆ ಕಂಡಿದ್ದು ಆ ಫೋಟೊ.

"ಮೊದಲು ಇವಳಿಂದ ಬಿಡುಗಡೆ ಆಗ್ಲಿ ಕಣೋ..." ಎಂದು ಈಶ್ವರಮ್ಮ ಶುರುಮಾಡುತ್ತಿದ್ದಂತೆ ಅವನು ನಡುವೆಯೇ ತಡೆದ. "ಸಾಕು ಅವ್ವ! ಅವಳು ಮಾತ್ರೆ ನುಂಗಿದ್ದು ಯಾರ ಸಲುವಾಗಿ? ಮಗು ಬೇಡ ಅಂತ ಅತ್ತೋರು ಯಾರು? ವಯಸ್ಸಾದಂಗೆ ಹೆಣ್ಣಿನ ಅಂಡ ಮುಗಿದುಹೋಗ್ತವೆ ಅಂದ್ರು ಡಾಕ್ಟರಮ್ಮ, ಅವತ್ತು ಇದ್ದಿದ್ದು ಇವತ್ತು ಇಲ್ಲ. ಈಗ ಅವಳನ್ನೇ ಬಂಜೆ ಅಂತೀಯಾ?"

"ರೀ, ಬ್ಯಾಡ್ರೀ!" ಎಂದು ಅನುಪಮಾ ಚೀರಿದಳು. ಈಶ್ವರಮ್ಮ ಗೋಡೆ ಹಿಡಿದು ಕುಸಿದರು. "ನಂಗೇನು ಗೊತ್ತಿತ್ತವ್ವಾ... ಹೆಣ್ಣಿನ ಒಡಲಲ್ಲಿ ಅದು ಮುಗಿದುಹೋಗ್ತದೆ ಅಂತ ನಂಗೇನು ಗೊತ್ತಿತ್ತು!"

ಗಂಡ-ಹೆಂಡತಿ ತಡಮಾಡದೆ ಪ್ರನಾಳ ಶಿಶು ಚಿಕಿತ್ಸೆಗೆ ಶಿವಮೊಗ್ಗಕ್ಕೆ ಹೋದರು. ಹನ್ನೊಂದು ದಿನ ಹೊಟ್ಟೆಗೆ ಸೂಜಿ. ಸಿಕ್ಕಿದ್ದು ಎರಡೇ ಅಂಡ. ಭ್ರೂಣವಾಗಿ ಬೆಳೆದದ್ದು ಒಂದು. ಅದೂ ನಿಲ್ಲಲಿಲ್ಲ. ಇನ್ನೊಮ್ಮೆ ನೋಡೋಣವೆಂದು ಹಾಲೇಶ ಕೇಳಿದಾಗ ಅನುಪಮಾ ಬೇಡವೆಂದು ತಲೆಯಾಡಿಸಿದಳು. ಮೈಯೂ ಸೋತಿತ್ತು, ಮನಸ್ಸೂ.

ಎರಡು ತಿಂಗಳ ಮೇಲೆ ಅಜ್ಜಂಪುರದಲ್ಲಿ ನೆಂಟರ ಮನೆಯ ಸೀಮಂತ. ಬಳೆ ತೊಡಿಸಲು ಅನುಪಮಾ ಎದ್ದಾಗ ಯಾರೋ ಅಂದರು: "ನೀನು ಬ್ಯಾಡ ಬಿಡವ್ವ, ಮಕ್ಕಳಾದೋರು ತೊಡಿಸ್ಲಿ."

ತುಂಬಿದ ಪಡಸಾಲೆಯಲ್ಲಿ ಈಶ್ವರಮ್ಮ ಎದ್ದು ನಿಂತರು. "ಅವಳದ್ದೇನೂ ತಪ್ಪಿಲ್ಲ ಕಣ್ರವ್ವ. ನನ್ನ ಹೇಲು-ಉಚ್ಚೆ ಬಳೀತಾ ಅವಳ ಕಾಲ ಕಳೆದೋಯ್ತು. ಬ್ಯಾಡ ಅಂದೋಳು ನಾನು. ಅನ್ನೋದಿದ್ರೆ ನಂಗೆ ಅನ್ನಿ."

ಬಸುರಿ ಹುಡುಗಿಯೇ ಅನುಪಮಾಳತ್ತ ಎರಡೂ ಕೈ ಚಾಚಿದಳು. ಅನುಪಮಾ ಹಸಿರು ಬಳೆ ಒಂದೊಂದಾಗಿ ತೊಡಿಸಿ, ಅವಳ ಹಣೆಗೆ ಕುಂಕುಮವಿಟ್ಟು, "ಸುಖವಾಗಿ ಹೆರು ತಾಯಿ," ಎಂದಳು. ದನಿ ಒಂಚೂರೂ ನಡುಗಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಮಾತ್ರ, ಕಿಟಕಿಯತ್ತ ಮುಖ ತಿರುಗಿಸಿ, ಊರು ಬರುವವರೆಗೂ ಅತ್ತಳು. ಪಕ್ಕದಲ್ಲಿದ್ದ ಈಶ್ವರಮ್ಮ ಅಳಬೇಡ ಎನ್ನಲಿಲ್ಲ. ಹಾಗೆನ್ನುವ ಹಕ್ಕು ತನಗಿಲ್ಲವೆಂದು ಅವರಿಗೆ ಗೊತ್ತಿತ್ತು.